ಖಾಲಿ ಪೈಪಿನಲ್ಲಿ ನೀಲಿ ದಾರ

ಮನೆಗಳಿಗೆ ವೈ-ಫೈ ಜೋಡಿಸುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕಂಡರೆ ಕೇಳುವ ಮೊದಲ ಪ್ರಶ್ನೆ, ಯಾವ ಕಂಪನಿಯ ಡಬ್ಬಿ ಒಳ್ಳೆಯದು ಎಂದು. ಎರಡನೆಯದು, ಫೋನಿನಲ್ಲಿ ಯಾವ ಆ್ಯಪ್ ಇಟ್ಟುಕೊಳ್ಳಬೇಕು ಎಂದು. ಮೂವತ್ತು ವರ್ಷ ಗೋಡೆ, ಪೈಪು, ಏಣಿಗಳ ಜೊತೆ ಕಳೆದವನು ನಾನು, ಎರಡಕ್ಕೂ ಉತ್ತರ ಗೊತ್ತಿದೆ. ಆದರೆ ಹೇಳುವುದಿಲ್ಲ. ಡಬ್ಬಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಗೋಡೆ ಅಲ್ಲೇ ಇರುತ್ತದೆ, ಗೋಡೆಯ ವಿಷಯ ಕೇಳಿ ಎನ್ನುತ್ತೇನೆ. ಮುದುಕನಿಗೆ ತಲೆ ನೆಟ್ಟಗಿಲ್ಲ ಎಂದು ಅರ್ಧ ಜನ ಅಲ್ಲಿಗೇ ಎದ್ದು ಹೋಗುತ್ತಾರೆ. ಉಳಿದ ಅರ್ಧ ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಗೆ ಮೇಲೆ ಬಂದೆ ಎಂಬ ಕಥೆ ಇಲ್ಲಿಲ್ಲ. ಕೆಲಸಕ್ಕೆ ಸೇರಿದ ದಿನ ಏಣಿ ಹತ್ತಿದ್ದೆ, ಬಿಟ್ಟ ದಿನವೂ ಏಣಿಯಿಂದಲೇ ಇಳಿದೆ. ಆದರೆ ಆಮೇಲೆ ಮಾಡಿದ ಒಂದು ಕೊನೆಯ ಕೆಲಸದಲ್ಲಿ ನನಗೆ ಸಿಕ್ಕ ಸಂತೋಷ ಬಡ್ತಿ ಸಿಕ್ಕಿದವರಿಗೂ ಇರಲಿಕ್ಕಿಲ್ಲ.

ನಾನು ಕುಂದಾಪುರದ ಕಡೆಯವನು, ಡೊಂಬಿವಲಿಯಲ್ಲಿ ನೆಲೆಯಾದವನು. ಅಂಬರನಾಥದ ಒಂದು ಕಾರ್ಖಾನೆಯಲ್ಲಿದ್ದೆ. ಅದು ಬಾಗಿಲು ಹಾಕಿದಾಗ ನನಗೆ ಮೂವತ್ತು ದಾಟಿತ್ತು, ಮದುವೆಯಾಗಿತ್ತು, ಕೈಯಲ್ಲಿ ಬೇರೆ ಕಸುಬಿರಲಿಲ್ಲ. ಆಗ ಸಿಕ್ಕವರು ಮಲ್ಲಪ್ಪ. ವಿಜಯಪುರ ಜಿಲ್ಲೆಯವರು. ಮೊದಲು ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದರು. ಆಮೇಲೆ ಯಾರ ಬಳಿಯೋ ಟೆಲಿಫೋನ್ ವೈರ್ ಎಳೆಯುವುದನ್ನು ಕಲಿತು ತಾವೇ ಕೆಲಸ ಹಿಡಿಯತೊಡಗಿದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಒಂದು ಗೇಣು ಎತ್ತರ. ಎಲ್ಲರೂ ಅವರನ್ನು ಮಿಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮಿಸ್ತ್ರಿಗೆ ಅಳತೆ ಪಟ್ಟಿ ಎಂದರೆ ತಿರಸ್ಕಾರ. ಬಾಗಿಲ ಚೌಕಟ್ಟಿನಿಂದ ಒಂದು ಮೊಳ, ನೆಲದಿಂದ ಒಂದು ಗೇಣು, ಅಲ್ಲಿ ವೈರ್ ಹೊರಬರುವ ಬಾಕ್ಸ್. ಥಾಣೆಯಾಗಲಿ ವಾಶಿಯಾಗಲಿ, ಬಂಗಲೆಯಾಗಲಿ ಚಾಳಿನ ಒಂಟಿ ಕೋಣೆಯ ಖೋಲಿಯಾಗಲಿ, ಅವರ ಬಾಕ್ಸ್ ಅಲ್ಲಿಂದ ಅತ್ತಿತ್ತ ಸರಿದದ್ದಿಲ್ಲ. ಮನೆ ಕಟ್ಟುವಾಗ ಯಜಮಾನರು ಗೋಡೆಯೊಳಗೆ ವೈರ್ ಹೋಗಲು ಮೂರು ಪೈಪ್ ಕೇಳಿದರೆ ಇವರು ಗೋಗರೆದು ನಾಲ್ಕು ಹಾಕಿಸುತ್ತಿದ್ದರು. ನಾಲ್ಕನೆಯದು ಖಾಲಿ. ಆ ಖಾಲಿ ಪೈಪಿನೊಳಗೆ ಈ ತುದಿಯಿಂದ ಆ ತುದಿಗೆ ಒಂದು ನೈಲಾನ್ ದಾರ ತೂರಿಸಿ, ಎರಡು ಕಡೆಯೂ ಮೊಳೆಗೆ ಕಟ್ಟಿ, ಇಲಿ ನುಗ್ಗದಂತೆ ಬಾಯಿಗೆ ಚಿಂದಿ ಬಟ್ಟೆ ತುರುಕುವುದು ಅವರ ಪದ್ಧತಿ. ದಾರದ ತುದಿಗೆ ಹಾಕುತ್ತಿದ್ದದ್ದು ಹಮಾಲರ ಗಂಟು. ಲಾರಿಯ ಮೇಲೆ ಸರಳುಗಳ ಕಟ್ಟು ಬಿಗಿಯಲು ಕಳಂಬೋಲಿಯಲ್ಲಿ ಹಾಕುವ ಗಂಟು ಅದು. ಎಳೆದಷ್ಟೂ ಬಿಗಿಯಾಗುತ್ತದೆ, ಬಾಲ ಹಿಡಿದು ಜಗ್ಗಿದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ನಾನು ಎಷ್ಟು ಸಲ ನೋಡಿದರೂ ನನ್ನ ಕೈಗೆ ಅದು ಹತ್ತಲಿಲ್ಲ, ನಾನು ಹಾಕುತ್ತಿದ್ದದ್ದು ಊರಲ್ಲಿ ಕರುವಿಗೆ ಹಾಕುವ ಸಾದಾ ಗಂಟು.

"ವೈರ್ ಇಲ್ಲದ ಪೈಪಿಗೆ ದಾರ ಯಾಕೆ ಮಿಸ್ತ್ರಿ?" ಎಂದು ಮೊದಲ ವಾರವೇ ಕೇಳಿದ್ದೆ.

"ನಾಳೆ ಯಾವುದರ ವೈರ್ ಬರತೈತೋ ನಿನಗ ಗೊತ್ತೇನು, ನನಗ ಗೊತ್ತೇನು? ಬರೂದಂತೂ ಬರತೈತಿ. ಆವಾಗ ಬರಾವನೂ ನಮ್ಮಂಥಾ ಮನಷ್ಯಾನ ಇರತಾನ. ಅವನ ಕೈಗೆ ಹಿಡಕೊಳ್ಳಾಕ ಏನರ ಬೇಕಲ್ಲ," ಎಂದಿದ್ದರು.

ಆ ಪದ್ಧತಿಯನ್ನು ನಾನು ಒಂದೇ ಒಂದು ಸಲ ಮುರಿದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಥಾಣೆಯಲ್ಲಿ ಹೋಟೆಲು ನಡೆಸುವ ಸಂಜೀವ ಶೆಟ್ಟರು ಆಗ ಹೊಸ ಬಂಗಲೆ ಕಟ್ಟಿಸುತ್ತಿದ್ದರು. ಕೆಳಗೆ, ಮೇಲೆ, ಅದರ ಮೇಲೆ ಟೆರೇಸಿನ ಕೋಣೆ. ಟೆಲಿಫೋನ್, ಟಿವಿ, ಇಂಟರ್‌ಕಾಮ್ ಮೂರಕ್ಕೂ ಪೈಪ್ ನಮ್ಮದೇ. ನಾಲ್ಕನೆಯ ಖಾಲಿ ಪೈಪು ಮೆಟ್ಟಿಲ ಕೆಳಗಿನ ಮೀಟರ್ ಗೂಡಿನಿಂದ ಟೆರೇಸಿನ ಕೋಣೆಯವರೆಗೆ ಹೋಗುತ್ತಿತ್ತು. ಕೊನೆಯ ದಿನ ಸಂಜೆ ಮಿಸ್ತ್ರಿ ಸಾಮಾನು ತರಲು ಕಲ್ಯಾಣಕ್ಕೆ ಹೋಗಿದ್ದರು. "ನಾಕನೇದಕ್ಕ ದಾರ ಹಾಕಿ ಬಾ," ಎಂದು ನನಗೆ ಹೇಳಿದ್ದರು.

ಆ ಕಾಲಕ್ಕೆ ಥಾಣೆಯಿಂದ ಸಂಜೆ ಆರು ಹನ್ನೆರಡರ ಲೋಕಲ್ ರೈಲು ಹಿಡಿಯುವ ನಾವು ಏಳೆಂಟು ಜನ ಡಬ್ಬಿಯಲ್ಲಿ ಭಜನೆ ಮಾಡುತ್ತಿದ್ದೆವು. ಕಾರವಾರದವರು, ಮಂಗಳೂರಿನವರು, ಇಬ್ಬರು ಮರಾಠಿಯವರು. ತಾಳ ನನ್ನ ಪಾಲಿಗೆ ಬಂದಿತ್ತು, ಅದು ಯಾವಾಗಲೂ ನನ್ನ ಚೀಲದಲ್ಲೇ ಇರುತ್ತಿತ್ತು. ನಾನು ತಪ್ಪಿಸಿದರೆ ಅವತ್ತು ಎಲ್ಲರೂ ತಾಳವಿಲ್ಲದೆ ಹಾಡಬೇಕು. ಗಡಿಯಾರ ನೋಡಿದೆ, ದಾರದ ಉಂಡೆ ನೋಡಿದೆ, ನಾಳೆ ಬಂದು ಹಾಕಿದರಾಯಿತು ಎಂದು ಓಡಿದೆ. ಮರುದಿನ ಬೆಳಿಗ್ಗೆ ಮಿಸ್ತ್ರಿ ನನ್ನನ್ನು ವಾಶಿಯ ಕೆಲಸಕ್ಕೆ ಕಳಿಸಿದರು. "ದಾರ ಹಾಕಿದೆಯಾ?" ಎಂದು ಅವರು ಕೇಳಲಿಲ್ಲ. ಕೇಳದ ಮೇಲೆ ನಾನಾಗಿ ಏಕೆ ಹೇಳಲಿ ಎಂದು ಸುಮ್ಮನಾದೆ. ಆ ತಿಂಗಳೊಳಗೇ ಶೆಟ್ಟರ ಮನೆಗೆ ಗಿಲಾವು, ಬಣ್ಣ ಎಲ್ಲ ಮುಗಿದು ಗೃಹಪ್ರವೇಶವೂ ಆಗಿಹೋಯಿತು.

ನನ್ನ ತಪ್ಪುಗಳೆಲ್ಲ ಹೀಗೆ ಗುಟ್ಟಾಗಿ ಉಳಿಯಲಿಲ್ಲ. ಟೆಲಿಫೋನ್ ಹೋಗಿ ಕಂಪ್ಯೂಟರ್ ಬಂದಾಗ ನಾನು ತುರ್ಭೆಯಲ್ಲಿ ಆಫೀಸುಗಳ ಕೇಬಲ್ ಹಾಕುವ ಒಂದು ಕಂಪನಿ ಸೇರಿದೆ. ಅಲ್ಲಿನ ಮೇಲಧಿಕಾರಿ ಜೋಶಿ ಸಾಹೇಬರು. ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮುಗಿಸಿ, ನೇತಾಡುತ್ತಿದ್ದ ಒಂದು ತಂತಿಯ ತುದಿಯನ್ನು ಚೆಂದ ಕಾಣಲೆಂದು ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಯ ಖಾಲಿ ತೂತಿಗೆ ಸಿಕ್ಕಿಸಿದೆ. ಅದರ ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲಿತ್ತು. ಒಂದೇ ಪೆಟ್ಟಿಗೆಯೊಳಗೆ ಮಾತು ಹೊರಟಲ್ಲಿಗೇ ತಿರುಗಿ ಬಂದು ಗಿರಕಿ ಹೊಡೆಯತೊಡಗಿತು, ಆಫೀಸಿನ ಅಷ್ಟೂ ಕಂಪ್ಯೂಟರ್ ನಿಂತುಹೋದವು. ಲೈನು ಕೆಟ್ಟಿದೆ, ಸರ್ವರ್ ಕೆಟ್ಟಿದೆ ಎಂದು ಎಲ್ಲರೂ ಊರೆಲ್ಲ ಫೋನ್ ಮಾಡಿದರು, ನಾನೂ ಅವರ ಜೊತೆ ತಲೆಯಾಡಿಸಿದೆ. ಜೋಶಿ ಸಾಹೇಬರು ಬಂದು ಒಂದೊಂದೇ ತಂತಿಯನ್ನು ಬೆರಳಲ್ಲಿ ಸವರುತ್ತಾ ಹೋಗಿ, ಅದರ ಎರಡೂ ತುದಿ ಕಿತ್ತು ನನ್ನ ಎರಡು ಕೈಗಿಟ್ಟರು.

"ವಾಸು, ಹೀ ವಾಯರ್ ಕುಠೇ ಜಾತೇ?" ಈ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು.

"ಮಾಹೀತ್ ನಾಹೀ, ಸಾಹೇಬ್," ಎಂದೆ. ಗೊತ್ತಿಲ್ಲ ಎಂಬ ಆ ಮಾತನ್ನು ಗೋದಾಮಿನವರೆಲ್ಲ ಕೇಳಿಸಿಕೊಂಡರು.

ಸಾಹೇಬರು ಬೈಯಲಿಲ್ಲ. ಎರಡು ದಿನ ಅಲ್ಲೇ ಕೂರಿಸಿ ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಲು ಹೇಳಿದರು, ಅಂಟಿಸುವಾಗ ಎಲ್ಲಿಂದ ಎಲ್ಲಿಗೆ ಎಂದು ಗಟ್ಟಿಯಾಗಿ ಓದಲೂ ಹೇಳಿದರು. ಗೋದಾಮಿನವರಿಗೆ ಎರಡು ದಿನ ಪುಕ್ಕಟೆ ಮನರಂಜನೆ. ಇವತ್ತಿಗೂ ನಾನು ಚೀಟಿ ಅಂಟಿಸುವಾಗ ಬಾಯಿಬಿಟ್ಟು ಓದುತ್ತೇನೆ, ನೋಡಿದವರು ಮಂತ್ರ ಎಂದುಕೊಳ್ಳುತ್ತಾರೆ.

ಆಮೇಲೆ ವೈ-ಫೈ ಬಂತು. ಇನ್ನು ತಂತಿಗೆ ಕೆಲಸವಿಲ್ಲ, ನಿಮಗೂ ಇಲ್ಲ ಎಂದು ಹಲವರು ನನಗೆ ಮುಖದ ಮೇಲೇ ಹೇಳಿದರು. ಎರಡು ಕೋಣೆಯ ಮನೆಗೆ ಅದು ನಿಜವೂ ಹೌದು. ದೊಡ್ಡ ಮನೆಗೆ ಒಂದು ಡಬ್ಬಿ ಸಾಲದೆ, ಅಲ್ಲಲ್ಲಿ ಮೂರು ನಾಲ್ಕು ಪಾಯಿಂಟ್ ಇಟ್ಟು ಎಲ್ಲವೂ ಒಂದೇ ಹೆಸರಿನಲ್ಲಿ ದುಡಿಯುವ ಮೆಶ್ ಬಂದಾಗ ಮತ್ತೆ ನನ್ನನ್ನು ಹುಡುಕಿಕೊಂಡು ಬಂದರು. ಆ ಪಾಯಿಂಟುಗಳು ತಮ್ಮೊಳಗೆ ಗಾಳಿಯಲ್ಲೇ ಮಾತಾಡಿಕೊಳ್ಳುತ್ತವೆ. ನಡುವೆ ಕಾಂಕ್ರೀಟ್ ಸ್ಲ್ಯಾಬ್ ಬಂದರೆ ಪಕ್ಕದ ಮನೆಯವರ ಜಗಳ ಕೇಳಿದ ಹಾಗೆ ಅರ್ಧ ಮಾತು ಮಾತ್ರ ಕೇಳುತ್ತದೆ. ಪಾಯಿಂಟಿಗೂ ಪಾಯಿಂಟಿಗೂ ತಂತಿ ಎಳೆದುಕೊಟ್ಟರೆ ಪೂರ್ತಿ ಕೇಳುತ್ತದೆ. ಕೆಲಸವಿಲ್ಲ ಎಂದವರ ಮನೆಗಳಿಗೇ ನಾನು ಹೋಗಿ ತಂತಿ ಎಳೆದು ಬಂದಿದ್ದೇನೆ.

ಹೀಗೆ ಕೆಲಸ ಸಾಕು ಮಾಡಿ ಏಣಿಯನ್ನೂ ಯಾರಿಗೋ ಕೊಟ್ಟ ಮೇಲೆ ಒಂದು ದಿನ ಸಂಜೀವ ಶೆಟ್ಟರ ಫೋನ್ ಬಂತು.

"ವಾಸಣ್ಣ, ನೀವೇ ಬರಬೇಕು ಮಾರಾಯ್ರೆ. ಮೂರು ಜನ ಬಂದು ಹೋದರು. ಒಬ್ಬ ಡಬ್ಬಿ ಬದಲಿಸಿದ, ಒಬ್ಬ ಲೈನ್ ಬದಲಿಸಿದ, ಇನ್ನೊಬ್ಬ ನಮ್ಮ ಮನೆಯೇ ಸರಿ ಇಲ್ಲ ಅಂತ ಹೇಳಿ ಹೋದ."

ವಿಳಾಸ ಕೇಳಬೇಕಾಗಿರಲಿಲ್ಲ. ಆ ಮನೆಯ ನಾಲ್ಕನೆಯ ಪೈಪು ನೆನಪಾಯಿತು.

ಮನೆಯ ಕಷ್ಟ ಶೆಟ್ಟರದ್ದಲ್ಲ, ಅವರ ಸೊಸೆ ಅಶ್ವಿನಿಯದು. ಅವಳು ಸ್ಕ್ಯಾನ್ ನೋಡಿ ವರದಿ ಬರೆಯುವ ಡಾಕ್ಟರ್. ನವಿಮುಂಬಯಿಯ ಒಂದು ಆಸ್ಪತ್ರೆಗಾಗಿ ಮನೆಯಿಂದಲೇ ಕೆಲಸ. ಸುತ್ತಲಿನ ಸಣ್ಣ ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟು ಬಿದ್ದವರ, ಲಕ್ವ ಹೊಡೆದವರ ಚಿತ್ರಗಳು ಅವಳ ಪರದೆಗೆ ಬರುತ್ತವೆ, ಅವಳು ತಕ್ಷಣ ನೋಡಿ ಹೇಳಬೇಕು. ಗಂಡನಿಗೆ ಹಡಗಿನಲ್ಲಿ ಕೆಲಸ, ವರ್ಷದಲ್ಲಿ ಆರು ತಿಂಗಳು ಮನೆಯಲ್ಲಿರುವುದಿಲ್ಲ. ಮಗುವಿಗೆ ಐದು ತಿಂಗಳು. ಟೆರೇಸಿನ ಕೋಣೆಯೇ ಅವಳ ಆಫೀಸು. ಎರಡು ಸಲ ಚಿತ್ರ ಅರ್ಧ ಬಂದು ನಿಂತುಹೋಗಿ, ಆಸ್ಪತ್ರೆಯವರು ಆ ರೋಗಿಯನ್ನು ಬೇರೆ ಡಾಕ್ಟರಿಗೆ ಕೊಟ್ಟಿದ್ದರು.

ಅಶ್ವಿನಿ ಹುಟ್ಟಿ ಬೆಳೆದದ್ದು ಥಾಣೆಯಲ್ಲೇ. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು.

"ಅಂಕಲ್, ಅಗಲೇ ಸೋಮವಾರ್ ಟೆಸ್ಟ್ ಹೈ. ದಸ್ ಸೇ ದೋ ಬಜೇ ತಕ್. ಏಕ್ ಬಾರ್ ಭೀ ಲಿಂಕ್ ಗಯಾ ತೋ ಯೇ ಕಾಮ್ ಗಯಾ."

ಮುಂದಿನ ಸೋಮವಾರ, ಹತ್ತರಿಂದ ಎರಡು. ಒಂದು ಸಲ ಕಡಿದರೂ ಅವಳ ಕೆಲಸ ಹೋಯಿತು. ಐದು ತಿಂಗಳ ಕೂಸನ್ನು ಬಿಟ್ಟು ದಿನಾ ಥಾಣೆಯಿಂದ ನವಿಮುಂಬಯಿಗೆ ಹೋಗಿ ಬರುವುದು ಅವಳಿಂದಾಗದು. ಕಲಿತ ವಿದ್ಯೆಯನ್ನು ಕಪಾಟಿನಲ್ಲಿಟ್ಟು ಕೂರಬೇಕಾಗುತ್ತದೆ ಎಂದು ಅವಳು ಹೇಳಲಿಲ್ಲ, ಅವಳ ಮುಖದಲ್ಲಿ ಇತ್ತು.

ಮನೆಯಲ್ಲಿ ಮೂರು ಪಾಯಿಂಟ್ ಇದ್ದವು. ಕೆಳಗೆ ಹಾಲಿನಲ್ಲಿ ಒಂದು, ಟೆರೇಸಿನ ಕೋಣೆಯಲ್ಲಿ ಒಂದು. ನಡುವಿನದು ಮೊದಲ ಮಹಡಿಯ ದೇವರ ಕೋಣೆಯಲ್ಲಿ, ಮನೆಯ ನಟ್ಟನಡುವೆ ಅದೇ ಇದೆಯೆಂದು. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತಿತ್ತು. ಮಧ್ಯಾಹ್ನ ಒಂದರ ಸುಮಾರಿಗೆ ಟೆರೇಸಿನ ಕೋಣೆಗೆ ಸಂಪರ್ಕ ಹೋಗುತ್ತಿತ್ತು, ನಾಲ್ಕಕ್ಕೆ ತಾನಾಗಿ ಬರುತ್ತಿತ್ತು. ಹೀಗೆ ದಿನಾ.

ಇಲ್ಲಿ ನನ್ನ ದಡ್ಡತನ ಕೇಳಿ. ಮೂರು ದಿನ ಬೆಳಿಗ್ಗೆ ಹೋಗಿ ಎಲ್ಲ ಪರೀಕ್ಷಿಸಿದೆ, ಎಲ್ಲ ಸರಿ ಇತ್ತು. ಹನ್ನೆರಡೂವರೆಗೆ ಸ್ಟೇಷನ್ ಹತ್ತಿರದ ಹೋಟೆಲಿಗೆ ಊಟಕ್ಕೆ ಹೋಗಿ, ಅಲ್ಲಿನ ಕುಚ್ಚಲಕ್ಕಿ ಅನ್ನ ಉಂಡು ಅಲ್ಲಿಯವರ ಜೊತೆ ಹರಟುತ್ತಾ ಕೂತು ವಾಪಸು ಬರುವಷ್ಟರಲ್ಲಿ ನಾಲ್ಕಾಗುತ್ತಿತ್ತು, ಮತ್ತೆ ಎಲ್ಲ ಸರಿ. ಬಿಸಿಲಿಗೆ ಡಬ್ಬಿ ಕಾಯುತ್ತದೆ ಎಂದೆ. ಅಡಾಪ್ಟರ್ ಬದಲಿಸಿದೆ. ಲೈನಿನವರಿಗೆ ಬೈದೆ. ಮನೆಯೇ ಸರಿ ಇಲ್ಲ ಎಂದು ಹೋದವನಿಗಿಂತ ನಾನೇನೂ ಜಾಣನಾಗಿರಲಿಲ್ಲ.

ನಾಲ್ಕನೆಯ ದಿನ, ಶುಕ್ರವಾರ, ಶೆಟ್ಟರ ಹೆಂಡತಿ ರೇವತಿಯಮ್ಮ ಬಿಡಲಿಲ್ಲ. "ದಿನಾ ಹೊರಗೆ ಎಂತ ಊಟ ವಾಸಣ್ಣ? ಇವತ್ತು ಇಲ್ಲೇ. ನೈವೇದ್ಯ ಆಗಲಿ, ಬಡಿಸ್ತೇನೆ," ಎಂದರು. ಮೊದಲ ಮಹಡಿಯ ಊಟದ ಮೇಜಿನ ಮುಂದೆ ಕೂತೆ. ಗಂಟೆ ಕೇಳಿಸಿತು, ಆರತಿಯಾಯಿತು, ಬಾಗಿಲು ಮುಚ್ಚಿದ ಸದ್ದು. ಅದರ ಹಿಂದೆಯೇ ಟಕ್ ಎಂದು ಒಂದು ಸ್ವಿಚ್ಚಿನ ಸದ್ದು. ಮೇಲಿನಿಂದ ಅಶ್ವಿನಿ "ಗಯಾ!" ಎಂದು ಕೂಗಿದಳು.

"ಅಮ್ಮ, ಈಗ ಎಂತದು ಬಂದ್ ಮಾಡಿದ್ದು?"

"ದೇವರ ಕೋಣೆಯ ಮೈನ್. ನೈವೇದ್ಯ ಆದ ಮೇಲೆ ನಾಲ್ಕು ಗಂಟೆವರೆಗೆ ದೇವರಿಗೆ ವಿಶ್ರಾಂತಿ ಅಲ್ವಾ. ಒಮ್ಮೆ ಬಣ್ಣದ ಬಲ್ಬಿನ ಮಾಲೆ ಸುಟ್ಟು ಹೊಗೆ ಬಂದದ್ದು, ಅಂದಿನಿಂದ ಬಂದ್ ಮಾಡಿಯೇ ಬಾಗಿಲು ಹಾಕುವುದು," ಎಂದು ಅನ್ನದ ಪಾತ್ರೆ ಹಿಡಿದುಕೊಂಡೇ ಹೇಳಿದರು.

ದೇವರ ಜೊತೆ ಇಂಟರ್‌ನೆಟ್ಟೂ ಮಲಗುತ್ತಿತ್ತು. ನಕ್ಕು ನಕ್ಕು ನನಗೆ ನೆತ್ತಿಗೆ ಹತ್ತಿತು, ರೇವತಿಯಮ್ಮ ಪಾಪ ನೀರು ಕೊಟ್ಟರು. ಆದ್ದರಿಂದ ಹೊಸಬರಿಗೆ ಹೇಳುವುದು, ಮನೆಗೆ ಹೋದ ಕೂಡಲೇ ಡಬ್ಬಿ ನೋಡಬೇಡಿ. ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ಹೊತ್ತಿಗೆ ಪೂಜೆ, ಯಾವ ಸ್ವಿಚ್ಚು ಯಾರ ಕೈಯಲ್ಲಿದೆ ಎಂದು ಕೇಳಿ.

ಆ ಪಾಯಿಂಟನ್ನು ದೇವರ ಕೋಣೆಯಿಂದ ಹೊರಗೆ ತಂದಿಟ್ಟೆ. ಮಧ್ಯಾಹ್ನದ ರೋಗ ಹೋಯಿತು, ಆದರೆ ಪೂರ್ತಿ ಗುಣವಾಗಲಿಲ್ಲ. ದೊಡ್ಡ ಸ್ಕ್ಯಾನ್ ಬಂದಾಗ ಚಿತ್ರ ತಡವರಿಸುತ್ತಿತ್ತು. ನಡುವೆ ಎರಡು ಸ್ಲ್ಯಾಬ್, ಮೆಟ್ಟಿಲ ಗೋಡೆಗೆಲ್ಲ ಕನ್ನಡಿ. ಟೆರೇಸಿನ ಪಾಯಿಂಟಿಗೆ ಕೆಳಗಿನಿಂದ ತಂತಿಯೇ ಬೇಕು, ಬೇರೆ ಮಾತಿಲ್ಲ.

"ಎಲ್ಲಿಂದ ತರ್ತೀರಿ?" ಎಂದು ಶೆಟ್ಟರು ಕೇಳಿದರು. ಹಿಂದಿನ ವರ್ಷವಷ್ಟೇ ಮನೆಯನ್ನೆಲ್ಲ ಹೊಸದು ಮಾಡಿಸಿದ್ದರು. ಒಳಗೆ ಮಾರ್ಬಲ್, ಹೊರಗೆ ಗಾಜು. "ಗೋಡೆಗೆ ಉಳಿ ಮುಟ್ಟಿಸುವ ಹಾಗಿಲ್ಲ. ಮಾರ್ಬಲಿನ ಮೇಲೆ ಪಟ್ಟಿ ಹೊಡೆಯುವುದಾದರೆ ರೇವತಿ ನಮ್ಮಿಬ್ಬರನ್ನೂ ಹೊರಗೆ ಹಾಕ್ತಾಳೆ."

ಉಳಿದದ್ದು ನಾಲ್ಕನೆಯ ಪೈಪು, ಟೆರೇಸಿನ ಕೋಣೆಯವರೆಗೆ ಹೋಗುವುದು ಅದೊಂದೇ. ಪೈಪು ಎರಡು ಮಹಡಿ ಹತ್ತುತ್ತದೆ, ಐದು ಕಡೆ ತಿರುಗುತ್ತದೆ. ಮನೆ ಕಟ್ಟುವಾಗ ನಡುವೆ ಎರಡು ಬಾಕ್ಸ್ ತೆರೆದಿದ್ದವು, ಅಲ್ಲಿಂದ ದಾರ ದಾಟಿಸುವುದು ಸುಲಭವಿತ್ತು. ಈಗ ಎರಡೂ ಮಾರ್ಬಲಿನ ಹಿಂದೆ. ಒಳಗೆ ದಾರವಿದ್ದರೆ ತಂತಿ ಕಟ್ಟಿ ಎಳೆಯಬಹುದು. ದಾರವಿಲ್ಲದಿದ್ದರೆ ಪೈಪಿನೊಳಗೆ ತಳ್ಳುವ ಸ್ಪ್ರಿಂಗ್ ತಂತಿ ಮೊದಲ ಬಾಕ್ಸಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದಾರ ಇಲ್ಲ ಎಂದು ಗೊತ್ತಿದ್ದವನು ಲೋಕದಲ್ಲಿ ನಾನೊಬ್ಬನೇ. ಶನಿವಾರ ಬೆಳಿಗ್ಗೆ ಲೋಕಲಿನಲ್ಲಿ ಕೂತಾಗ ನಾಚಿಕೆಯಿಂದ ನನಗೆ ಪಕ್ಕದವನ ಮುಖ ನೋಡಲೂ ಆಗಲಿಲ್ಲ. ಎಷ್ಟು ಜನರಿಗೆ ದಾರದ ಪಾಠ ಹೇಳಿದ್ದೆ ನಾನು! ಮೂವತ್ತು ವರ್ಷದ ಹಿಂದಿನ ನನ್ನ ಒಂದು ಗಳಿಗೆಯ ಸೋಮಾರಿತನಕ್ಕೆ ಆ ಹುಡುಗಿ ಸೋಮವಾರ ದಂಡ ತೆರಬೇಕಾಗಿತ್ತು.

ಶೆಟ್ಟರಿಗೆ ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಮನೆಯೊಳಗೆ ಹೋದೆ. ಹೇಳುವ ಮೊದಲು ಒಂದು ಸಲ ಮೀಟರ್ ಗೂಡು ತೆರೆದು ನೋಡೋಣ ಎನಿಸಿತು. ಮನೆ ಹೊಸದು ಮಾಡಿದವರು ಅಲ್ಲಿಗೆ ಕೈ ಹಾಕಿರಲಿಲ್ಲ, ಹಳೆಯ ಮರದ ಬಾಗಿಲು ಹಾಗೇ ಇತ್ತು. ಬ್ಯಾಟರಿ ಹಾಕಿ ನೋಡಿದೆ. ಮೂರು ಪೈಪುಗಳಿಂದ ಹಳೆಯ ವೈರುಗಳು ಇಳಿಬಿದ್ದಿದ್ದವು. ನಾಲ್ಕನೆಯ ಪೈಪಿನ ಬಾಯಿಗೆ ಚಿಂದಿ ಬಟ್ಟೆ ತುರುಕಿತ್ತು.

ಆ ಸಂಜೆ ನಾನು ಬಟ್ಟೆ ತುರುಕಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿತ್ತು.

ಬಟ್ಟೆ ಎಳೆದೆ, ಧೂಳು ಉದುರಿತು. ಅದರ ಹಿಂದೆ ನೀಲಿ ನೈಲಾನ್ ದಾರ, ಮೊಳೆಗೆ ಬಿಗಿದಿತ್ತು. ಕನ್ನಡಕ ಹಾಕಿಕೊಂಡು ಗಂಟು ನೋಡಿದೆ. ನನ್ನ ಕರುವಿನ ಗಂಟಲ್ಲ. ಬಾಲ ಹಿಡಿದು ಜಗ್ಗಿದೆ, ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಹಮಾಲರ ಗಂಟು.

ಮೀಟರ್ ಗೂಡಿನೊಳಗೆ ಮುಖವಿಟ್ಟು ನಾನು ಅತ್ತೆ. ಶೆಟ್ಟರು ಹಿಂದೆ ನಿಂತು, "ಎಂತಾಯ್ತು, ಶಾಕ್ ಹೊಡೆಯಿತಾ?" ಎಂದರು.

"ಹೊಡೆಯಿತು," ಎಂದೆ.

ಮೇಲಿನ ತುದಿ ಹುಡುಕಬೇಕಿತ್ತು. ಟೆರೇಸಿನ ಕೋಣೆಯ ಗೋಡೆಗೆ ಈಗ ಬಣ್ಣದ ಕಾಗದ ಅಂಟಿಸಿದ್ದರು. ಬಾಗಿಲ ಚೌಕಟ್ಟಿನಿಂದ ಒಂದು ಮೊಳ, ನೆಲದಿಂದ ಒಂದು ಗೇಣು. ನನ್ನ ಮೊಳಕ್ಕಿಂತ ಮಿಸ್ತ್ರಿಯ ಮೊಳ ಎರಡು ಬೆರಳು ಉದ್ದ, ಅದನ್ನೂ ಸೇರಿಸಿ ಅಳೆದು ಬೆರಳಿಂದ ತಟ್ಟಿದೆ. ಟೊಳ್ಳು ಸದ್ದು ಬಂತು. ಕಾಗದವನ್ನು ಅಂಗೈಯಗಲ ಕೊಯ್ದಾಗ ಮುಚ್ಚಳ ಸಿಕ್ಕಿತು, ಮುಚ್ಚಳದ ಹಿಂದೆ ಬಟ್ಟೆ, ಬಟ್ಟೆಯ ಹಿಂದೆ ನೀಲಿ ದಾರದ ಇನ್ನೊಂದು ತುದಿ.

ದಾರದ ಕೆಳತುದಿಗೆ ಹೊಸ ಕೇಬಲ್ ಕಟ್ಟಿದೆ. ಅದರ ಜೊತೆಗೆ ಒಂದು ಹೊಸ ದಾರವನ್ನೂ ಕಟ್ಟಿದೆ, ಮುಂದೆ ಬರುವವನಿಗೆ ಇರಲಿ ಎಂದು. ನಾನು ಕೆಳಗಿನಿಂದ ನೀಡುವುದು, ಮೇಲೆ ಶೆಟ್ಟರು ಎಳೆಯುವುದು. ಮೂರು ಹೋಟೆಲುಗಳ ಯಜಮಾನರು ಬನಿಯನ್ನಿನಲ್ಲಿ ನೆಲದ ಮೇಲೆ ಕೂತು ದಾರ ಜಗ್ಗಿದರು. ಮೆಟ್ಟಿಲಿನಲ್ಲಿ ನಿಂತ ಅಶ್ವಿನಿ ಕೆಳಗಿನ ಮಾತನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ತನ್ನ ಹಿಂದಿಯಲ್ಲಿ ದಾಟಿಸಿದಳು. ಅರ್ಧ ದಾರಿಯಲ್ಲಿ ಕೇಬಲ್ ನಿಂತಿತು. ಜಗ್ಗಿದರೂ ಬರಲಿಲ್ಲ. ಹೆಚ್ಚು ಜಗ್ಗಿದರೆ ದಾರ ಕಡಿದು ಎಲ್ಲ ಮುಗಿಯುತ್ತದೆ.

"ಜಗ್ಗಬೇಡಿ ಶೆಟ್ರೆ," ಎಂದು ಕೂಗಿ, ಅಶ್ವಿನಿಗೆ, "ಡಾಕ್ಟ್ರೇ, ಮಗುವಿನ ಪೌಡರ್ ಡಬ್ಬಿ ತನ್ನಿ," ಎಂದೆ.

ಕೇಬಲನ್ನು ಎರಡು ಮೊಳ ಹಿಂದಕ್ಕೆ ತಂದು, ಮೈತುಂಬ ಪೌಡರ್ ಸವರಿ, ಸ್ವಲ್ಪ ತಿರುಚಿ ಮತ್ತೆ ನೀಡಿದೆ. ಈ ಸಲ ಹಾವಿನಂತೆ ಸರಿಯಿತು. ಮೇಲಿನಿಂದ ಶೆಟ್ಟರು ತುಳುವಿನಲ್ಲಿ "ಬತ್ತ್‌ಂಡ್, ಬತ್ತ್‌ಂಡ್" ಎಂದು ಕೂಗಿದರು. ಬಂತು. ಮಗುವಿನ ಪೌಡರಿನ ಪರಿಮಳ ಹೊತ್ತುಕೊಂಡು ಕೇಬಲ್ ಎರಡು ಮಹಡಿ ಹತ್ತಿ ಬಂದಿತ್ತು.

ಎರಡೂ ತುದಿಗೆ ಪ್ಲಗ್ ಕೂರಿಸಿದೆ. ಟೆಸ್ಟರ್ ಹಾಕಿದರೆ ಎಂಟು ದೀಪಗಳಲ್ಲಿ ಮೂರನೆಯದೂ ಐದನೆಯದೂ ಅದಲುಬದಲಾಗಿ ಹೊತ್ತಿದವು. ಎಂಟು ಬಣ್ಣದ ಎಳೆಗಳು, ಕೂದಲಿನಷ್ಟು ಸಪೂರ, ಎಲ್ಲೋ ಎರಡನ್ನು ತಪ್ಪಿಸಿದ್ದೆ. ಯಾವ ತುದಿಯಲ್ಲಿ ಎಂದು ಟೆಸ್ಟರ್ ಹೇಳುವುದಿಲ್ಲ. ಕನ್ನಡಕ ಒರೆಸಿ ನೋಡಿದೆ, ಕಾಣಲಿಲ್ಲ. ಅಶ್ವಿನಿ ನನ್ನ ಕೈಯಿಂದ ಪ್ಲಗ್ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ದಿನವಿಡೀ ಮಿದುಳಿನ ಚಿತ್ರದಲ್ಲಿ ಎಳ್ಳಿನಷ್ಟು ಕಲೆ ಹುಡುಕುವ ಕಣ್ಣು ಅದು.

"ಇಲ್ಲೇ ಅಂಕಲ್. ಹಸಿರು-ಬಿಳಿ, ನೀಲಿ-ಬಿಳಿ, ಉಲ್ಟಾ," ಎಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು.

ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಎಂಟೂ ದೀಪ ಸಾಲಾಗಿ ಹೊತ್ತಿದವು. ಕೆಳತುದಿಯನ್ನು ಹಾಲಿನ ಪಾಯಿಂಟಿಗೆ, ಮೇಲ್ತುದಿಯನ್ನು ಟೆರೇಸಿನ ಪಾಯಿಂಟಿಗೆ ಸೇರಿಸಿದೆ. ಎರಡೂ ತುದಿಗೆ ಚೀಟಿ ಅಂಟಿಸಿ, ಜೋಶಿ ಸಾಹೇಬರ ಲೆಕ್ಕದಲ್ಲಿ ಗಟ್ಟಿಯಾಗಿ ಓದಿದೆ.

ಸೋಮವಾರ ನಾನು ಹೋಗಬೇಕಾಗಿರಲಿಲ್ಲ. ಆದರೂ ಹೋಗಿ ಒಂಬತ್ತೂವರೆಗೇ ಟೆರೇಸಿನ ಮೆಟ್ಟಿಲ ಮೇಲೆ ಕೂತೆ. ಹತ್ತಕ್ಕೆ ಅಶ್ವಿನಿ ಬಾಗಿಲು ಹಾಕಿಕೊಂಡಳು. ಆಸ್ಪತ್ರೆಯವರು ಒಂದರ ಹಿಂದೆ ಒಂದು ಸ್ಕ್ಯಾನ್ ಕಳಿಸುತ್ತಿದ್ದರು. ಒಳಗಿನಿಂದ ಅವಳ ದನಿ ಮಾತ್ರ ಕೇಳುತ್ತಿತ್ತು, ಇಂಗ್ಲಿಷಿನಲ್ಲಿ, ನಿಧಾನವಾಗಿ. ಶೆಟ್ಟರು ಹೋಟೆಲಿಗೆ ಹೋಗದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಾಲಿನಲ್ಲಿ ನಡೆದಾಡುತ್ತಿದ್ದರು. ಒಂದರ ಸುಮಾರಿಗೆ ಕೆಳಗೆ ಗಂಟೆ ಕೇಳಿಸಿತು. ಆರತಿಯಾಯಿತು. ಬಾಗಿಲು ಮುಚ್ಚಿತು. ಟಕ್.

ನಾನು ಬಾಗಿಲಿಗೆ ಕಿವಿಗೊಟ್ಟೆ. ಒಳಗೆ ಅಶ್ವಿನಿಯ ದನಿ ಒಂದು ಕ್ಷಣವೂ ನಿಲ್ಲದೆ ಮುಂದುವರಿಯಿತು. ಕೆಳಗಿನಿಂದ ರೇವತಿಯಮ್ಮ ಮೆಟ್ಟಿಲ ಹತ್ತಿರ ಬಂದು ಕೈಸನ್ನೆಯಲ್ಲಿ ಹೇಗಿದೆ ಎಂದು ಕೇಳಿದರು. ದೇವರು ಮಲಗಲಿ, ಇದು ಎದ್ದಿದೆ ಎಂದು ನಾನೂ ಕೈಸನ್ನೆಯಲ್ಲೇ ಹೇಳಿದೆ.

ಎರಡು ಗಂಟೆಯ ಮೇಲೆ ಬಾಗಿಲು ತೆರೆಯಿತು. ಕೊನೆಯ ಒಂದು ಗಂಟೆ ಬಂದದ್ದು ಪರೀಕ್ಷೆಯ ಚಿತ್ರಗಳಲ್ಲವಂತೆ, ನಿಜವಾದ ರೋಗಿಗಳದ್ದಂತೆ. ಅಷ್ಟರಲ್ಲಿ ಅವರಿಗೆ ನಂಬಿಕೆ ಬಂದುಬಿಟ್ಟಿತ್ತು. "ಅಂಕಲ್, ಕೆಲಸ ಉಳಿಯಿತು," ಎಂದು ಅಶ್ವಿನಿ ಬಗ್ಗಿ ನನ್ನ ಕಾಲು ಮುಟ್ಟಿದಳು.

"ಈ ಕಾಲು ಅಲ್ಲ ಡಾಕ್ಟ್ರೇ, ಮುಟ್ಟಬೇಕಾದ ಕಾಲು ಅಂಬರನಾಥದಲ್ಲಿದೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಎಲ್ಲರೂ ಊಟಕ್ಕೆ ಕೂತಾಗ ದಾರದ ಕಥೆಯನ್ನು, ನಾನು ಮುಚ್ಚಿಟ್ಟದ್ದನ್ನೂ ಸೇರಿಸಿ, ಪೂರ್ತಿ ಹೇಳಿದೆ.

ಅದೇ ಸಂಜೆ ಅಂಬರನಾಥಕ್ಕೆ ಹೋದೆ. ಮಲ್ಲಪ್ಪ ಮಿಸ್ತ್ರಿ ಮಗಳ ಮನೆಯಲ್ಲಿದ್ದಾರೆ. ಮೊಣಕಾಲು ನೋವು, ಏಳಲು ಕೋಲು ಬೇಕು, ಕೈ ಮಾತ್ರ ಹಾಗೇ ಗಟ್ಟಿ. ಜೇಬಿನಿಂದ ನೀಲಿ ದಾರದ ಉಂಡೆ ತೆಗೆದು ಅವರ ಅಂಗೈಯಲ್ಲಿಟ್ಟೆ. ತಿರುಗಿಸಿ ನೋಡಿದರು, ಮೂಸಿದರು.

"ಕಳಂಬೋಲಿ ದಾರ. ಪೌಡರ್ ಯಾಕ ಬಡದಿ?"

"ಶೆಟ್ಟರ ಮನೆಯದು. ನಾಲ್ಕನೇ ಪೈಪಿನದ್ದು ಮಿಸ್ತ್ರಿ."

"ಹೂಂ," ಎಂದು ನಕ್ಕರು. "ಸಾಮಾನ ಇಡಾಕ ರಾತ್ರಿ ಬಂದಾಗ ದಾರದ ಉಂಡಿ ಹಂಗ ಬಿದ್ದಿತ್ತು, ಮರುದಿನಾ ಮುಂಜಾನೆ ನಾನ ಹೋಗಿ ಹಾಕಿದ್ದೆ. ಅದಕ್ಕ ನಿನ್ನ ವಾಶಿಗೆ ಕಳಿಸಿದ್ದು."

"ಗೊತ್ತಿದ್ದೂ ಒಂದು ಮಾತು ಕೇಳಲಿಲ್ಲ ನೀವು. ಬೈಯಲೂ ಇಲ್ಲ."

ಮಿಸ್ತ್ರಿ ದಾರವನ್ನು ಬೆರಳಿಗೆ ಸುತ್ತತೊಡಗಿದರು.

"ನಿನ್ನ ಫ್ಯಾಕ್ಟರಿ ಬಂದ್ ಆಗಿ ಒಂದ ವರ್ಸ ನೀ ನಕ್ಕಿದ್ದ ನಾ ನೋಡಿರಲಿಲ್ಲೋ ವಾಸು. ಆ ಲೋಕಲ್‌ನ್ಯಾಗ ತಾಳಾ ಬಡಿಯೂ ಮುಂದ ಒಂದ ದಿನಾ ನೋಡಿದೆ, ಭಾಳ ಖುಷಿಯಾಗಿ ಇದ್ದಿ. ನಾ ಬೈದಿದ್ರ ಮರುದಿನಾ ದಾರಾ ಹಾಕತಿದ್ದಿ, ಭಜನಿ ಬಿಡತಿದ್ದಿ. ದಾರಾ ನಾನೂ ಹಾಕಬಹುದು. ತಾಳಾ ನನಗ ಎಲ್ಲಿ ಬರತೈತಿ?"

ಹೊರಡುವ ಮುನ್ನ ಅವರ ಮುಂದೆ ನೆಲದ ಮೇಲೆ ಕೂತು, ಆ ಗಂಟನ್ನು ಇನ್ನೊಮ್ಮೆ ತೋರಿಸಿ ಎಂದೆ. ಕುರ್ಚಿಯ ಕಾಲಿಗೆ ದಾರ ಸುತ್ತಿ ಮೂರು ಸಲ ತೋರಿಸಿದರು, ನಾಲ್ಕನೆಯ ಸಲ ನನಗೆ ಬಂತು. ಮರುದಿನ ಥಾಣೆಗೆ ಹೋಗಿ, ನಾನು ಕೇಬಲ್ ಜೊತೆ ಬಿಟ್ಟುಬಂದಿದ್ದ ಹೊಸ ದಾರದ ಸಾದಾ ಗಂಟನ್ನು ಬಿಚ್ಚಿ, ಎರಡೂ ತುದಿಗೆ ಹಮಾಲರ ಗಂಟು ಹಾಕಿ, ಪೈಪಿನ ಬಾಯಿಗೆ ಬಟ್ಟೆ ತುರುಕಿ ಬಂದೆ. ಬರುವಾಗ ಆರು ಹನ್ನೆರಡಕ್ಕೆ ಇನ್ನೂ ಸಮಯವಿತ್ತು, ಓಡದೆ ನಡೆದುಕೊಂಡೇ ಸ್ಟೇಷನ್ ಸೇರಿದೆ.